ಗೆಲಾಕ್ಸಿಗಳ ಆಕಾರ: ವರ್ಗೀಕರಣದಿಂದ ಚರಿತ್ರೆಯೆಡೆಗೆ

ರೂಪವನ್ನು ಗುರುತಿಸುವುದು ಬೇರೆ, ಆ ರೂಪಕ್ಕೆ ಕಾರಣ ಹೇಳುವುದು ಬೇರೆ. ಜ್ಞಾನಶಿಸ್ತುಗಳ ಚರಿತ್ರೆಯಲ್ಲಿ ಈ ಎರಡು ಕೆಲಸಗಳು ಸಾಮಾನ್ಯವಾಗಿ ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ಮುಗಿದಾಗಲೇ ಎರಡನೆಯದೂ ಮುಗಿಯಿತೆಂದು ಭಾವಿಸಿದ ಸಂದರ್ಭಗಳೂ ಕಡಿಮೆಯಿಲ್ಲ. ಜನಪದ ಕಥೆಗಳನ್ನು ವರ್ಗಗಳಾಗಿ ವಿಂಗಡಿಸಿ ಸೂಚಿಗಳನ್ನು ಸಿದ್ಧಪಡಿಸಿದ ವಿದ್ವಾಂಸರು ಎದುರಿಸಿದ ಈ ತೊಡಕನ್ನು, ಆಕಾಶದ ಗೆಲಾಕ್ಸಿಗಳನ್ನು ವರ್ಗೀಕರಿಸಿದ ಖಗೋಳಜ್ಞರೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಎದುರಿಸಿದರು. ಗೆಲಾಕ್ಸಿಗಳ ರಚನೆ ಮತ್ತು ಆಕಾರಗಳನ್ನು ನಿರ್ಧರಿಸುವ ಅಂಶಗಳು ಯಾವುವು ಎಂಬ ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗುರುತ್ವಾಕರ್ಷಣೆಯಿಂದ ಒಟ್ಟಾಗಿ ನಿಂತಿರುವ ನಕ್ಷತ್ರಗಳು, ಅನಿಲ, ಧೂಳು ಹಾಗೂ ಕಣ್ಣಿಗೆ ಕಾಣದ ಕಪ್ಪುದ್ರವ್ಯ ಇವುಗಳ ಬೃಹತ್ ಸಮೂಹವೇ ಗೆಲಾಕ್ಸಿ. ನಮ್ಮ ಸೂರ್ಯನಿರುವ ಗೆಲಾಕ್ಸಿಯ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷಗಳಷ್ಟು ಅಗಲವಾಗಿದೆ. ಅದರಲ್ಲಿ 10,000 ಕೋಟಿಗೂ ಹೆಚ್ಚು ನಕ್ಷತ್ರಗಳಿವೆ. ಆಕಾರದ ದೃಷ್ಟಿಯಿಂದ ಗೆಲಾಕ್ಸಿಗಳಲ್ಲಿ ಮೂರು ಮುಖ್ಯ ಬಗೆಗಳನ್ನು ಗುರುತಿಸಲಾಗಿದೆ. ಚಪ್ಪಟೆ ತಟ್ಟೆಯಲ್ಲಿ ಬಾಗಿದ ತೋಳುಗಳನ್ನು ಹೊಂದಿರುವವು ಸುರುಳಿ ಗೆಲಾಕ್ಸಿಗಳು. ತೋಳುಗಳಿಲ್ಲದೆ ಗೋಳ ಅಥವಾ ಮೊಟ್ಟೆಯಂತೆ ಕಾಣುವವು ದೀರ್ಘವೃತ್ತೀಯ ಗೆಲಾಕ್ಸಿಗಳು. ಈ ಎರಡಕ್ಕೂ ಹೊಂದದಿರುವವು ಅನಿಯತ ಗೆಲಾಕ್ಸಿಗಳು.

1. ದಾರಿ, ನದಿ, ತಟ್ಟೆ

ಗೆಲಾಕ್ಸಿ ಎಂಬ ಪದದ ಮೂಲದಲ್ಲಿ ಹಾಲು ಎಂಬ ಅರ್ಥದ ಗ್ರೀಕ್ ಪದವಿದೆ. ಕನ್ನಡದ 'ಕ್ಷೀರಪಥ' ಇದೇ ಕಲ್ಪನೆಯನ್ನು ಅನುಸರಿಸಿದರೆ, 'ಆಕಾಶಗಂಗೆ' ಎಂಬುದು ಭಾರತೀಯ ಪರಂಪರೆಯ ಕಲ್ಪನೆ. ಅಮರಕೋಶದಲ್ಲಿ ದೇವಲೋಕದ ಗಂಗೆಗೆ ಮಂದಾಕಿನಿ, ವಿಯದ್ಗಂಗೆ ಮೊದಲಾದ ಹೆಸರುಗಳಿವೆ. ಚೀನೀಯರಿಗೆ ಇದು ಬೆಳ್ಳಿಯ ನದಿ. ದನಕಾಯುವವನನ್ನೂ ನೇಯುವ ಹುಡುಗಿಯನ್ನೂ ಬೇರ್ಪಡಿಸಿದ ನದಿಯೆಂಬ ಕಥೆ ಅಲ್ಲಿ ಪ್ರಸಿದ್ಧವಾಗಿದೆ. ಫಿನ್ನಿಷ್ ಜನರಿಗೆ ಇದು ಹಕ್ಕಿಗಳ ದಾರಿ, ತುರ್ಕರಿಗೆ ಹುಲ್ಲಿನ ದಾರಿ. ದಕ್ಷಿಣ ಆಫ್ರಿಕದ ಸಾನ್ ಜನರ ಒಂದು ಕಥೆಯಲ್ಲಿ ಹುಡುಗಿಯೊಬ್ಬಳು ಒಲೆಯ ಬೂದಿಯನ್ನು ಮೇಲಕ್ಕೆಸೆದು ಆಕಾಶದಲ್ಲಿ ಈ ಬೆಳಕಿನ ಹಾದಿಯನ್ನು ಮಾಡುತ್ತಾಳೆ.

ಆಶಯಗಳು ಬೇರೆಬೇರೆಯಾದರೂ ಇವೆಲ್ಲವುಗಳಲ್ಲಿ ಒಂದು ಸಮಾನ ಅಂಶವಿದೆ. ದಾರಿಯೂ ನದಿಯೂ ಉದ್ದವಾದ ಪಟ್ಟಿಯ ಆಕಾರದವು. ತಟ್ಟೆಯ ಒಳಗೇ ಕುಳಿತು ಅದನ್ನು ಅಂಚಿನ ದಿಕ್ಕಿನಲ್ಲಿ ನೋಡುವವರಿಗೆ ತಟ್ಟೆಯು ಪಟ್ಟಿಯಾಗಿಯೇ ಕಾಣುತ್ತದೆ. ಆದುದರಿಂದ ಈ ಹೆಸರುಗಳು ನಮ್ಮ ಗೆಲಾಕ್ಸಿ ಒಳಗಿನಿಂದ ಹೇಗೆ ಕಾಣುತ್ತದೆ ಎಂಬುದರ ನಿಷ್ಠವಾದ ದಾಖಲೆಗಳಾಗಿವೆ. ಆಸ್ಟ್ರೇಲಿಯದ ಮೂಲನಿವಾಸಿಗಳು ಮತ್ತು ಆಂಡಿಸ್ ಪರ್ವತಪ್ರದೇಶದ ಜನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಕಿನ ಪಟ್ಟಿಯ ನಡುವಣ ಕಪ್ಪು ಭಾಗಗಳನ್ನೂ ಗುರುತಿಸಿದರು. ಮೊದಲಿನವರಿಗೆ ಅಲ್ಲಿ ಎಮು ಪಕ್ಷಿ ಕಂಡಿತು, ಎರಡನೆಯವರಿಗೆ ಲಾಮಾ ಪ್ರಾಣಿ ಕಂಡಿತು. ಆ ಕಪ್ಪು ಭಾಗಗಳು ನಕ್ಷತ್ರಗಳ ಬೆಳಕನ್ನು ಮರೆಮಾಡುವ ಧೂಳಿನ ಮೋಡಗಳೆಂದು ಇಂದು ತಿಳಿದಿದೆ. ಆ ಜನರಿಗೆ ಧೂಳಿನ ವಿಚಾರ ಗೊತ್ತಿತ್ತೆಂದು ಹೇಳುವುದು ಅತಿರೇಕವಾದೀತು. ಆದರೆ ಕತ್ತಲೆಯೂ ಖಾಲಿಯಲ್ಲ, ಅದಕ್ಕೂ ಆಕಾರವುಂಟು ಎಂಬುದನ್ನು ಅವರು ಗಮನಿಸಿದ್ದರೆಂಬುದರಲ್ಲಿ ಸಂಶಯವಿಲ್ಲ.

1610ರಲ್ಲಿ ಗೆಲಿಲಿಯೊ ಅವರು ದೂರದರ್ಶಕದ ಮೂಲಕ ನೋಡಿ, ಈ ಪಟ್ಟಿಯು ಅಸಂಖ್ಯಾತ ನಕ್ಷತ್ರಗಳ ಗುಂಪೆಂದು ಪ್ರಕಟಿಸಿದರು. 1750ರಲ್ಲಿ ಇಂಗ್ಲೆಂಡಿನ ಥಾಮಸ್ ರೈಟ್ ಅವರು ಪಟ್ಟಿಯ ನೋಟಕ್ಕೆ ನಾವಿರುವ ಸ್ಥಾನವೇ ಕಾರಣವೆಂಬ ವಿಚಾರವನ್ನು ಮುಂದಿಟ್ಟರು. ಆ ಗ್ರಂಥದ ವಿಮರ್ಶೆಯೊಂದನ್ನು ಪತ್ರಿಕೆಯಲ್ಲಿ ಓದಿದ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಅವರು 1755ರಲ್ಲಿ ಅದನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಗ್ರಹಗಳು ಸೂರ್ಯನನ್ನು ಒಂದೇ ಸಮತಲದಲ್ಲಿ ಸುತ್ತುವಂತೆ ನಕ್ಷತ್ರಗಳೂ ಸುತ್ತುತ್ತಿರುವುದರಿಂದ ಆ ಸಮೂಹ ಚಪ್ಪಟೆಯಾಗಿದೆ. ಆಕಾಶದಲ್ಲಿ ಮಸುಕಾಗಿ ಕಾಣುವ ದೀರ್ಘವೃತ್ತದ ಚುಕ್ಕೆಗಳು ಇಂಥವೇ ಬೇರೆ ಸಮೂಹಗಳು ಎಂಬುದು ಅವರ ಊಹೆ. ಆಕಾರಕ್ಕೆ ಚಲನೆಯೇ ಕಾರಣ ಎಂಬ ಮಹತ್ತ್ವದ ಸೂಚನೆ ಇಲ್ಲಿ ಕಾಣಿಸಿಕೊಂಡಿತು. ಅದನ್ನು ಪರೀಕ್ಷಿಸುವ ಸಾಧನಗಳು ಮಾತ್ರ ಆಗ ಇರಲಿಲ್ಲ.

2. ಚಿತ್ರದಿಂದ ವರ್ಗಕ್ಕೆ

ಗೆಲಾಕ್ಸಿಯೊಂದರ ಸುರುಳಿ ಆಕಾರವನ್ನು ಮನುಷ್ಯರು ಮೊದಲ ಬಾರಿಗೆ ಕಂಡದ್ದು 1845ರಲ್ಲಿ, ಐರ್ಲೆಂಡಿನ ಬರ್ ಎಂಬ ಊರಿನ ಕೋಟೆಯ ಅಂಗಳದಲ್ಲಿ. ಅಲ್ಲಿನ ಜಮೀನುದಾರರಾದ ಲಾರ್ಡ್ ರಾಸ್ ಅವರು ಸ್ಥಳೀಯ ಕೆಲಸಗಾರರನ್ನೇ ತರಬೇತುಗೊಳಿಸಿ, ತಾಮ್ರ ಮತ್ತು ತವರಗಳ ಮಿಶ್ರಲೋಹದಿಂದ 6 ಅಡಿ ಅಗಲದ ದರ್ಪಣವನ್ನು ಎರಕ ಹೊಯ್ಯಿಸಿ, ಅಂದಿನ ಜಗತ್ತಿನ ಅತಿದೊಡ್ಡ ದೂರದರ್ಶಕವನ್ನು ಕಟ್ಟಿಸಿದ್ದರು. ಅದರ ಮೂಲಕ ಅವರು ಮೆಸಿಯೆ ಪಟ್ಟಿಯ 51ನೆಯ ಕಾಯವನ್ನು ನೋಡಿ, ಕಂಡದ್ದನ್ನು ಕೈಯಿಂದ ಚಿತ್ರಿಸಿದರು. ಸುಳಿನೀರಿನಂತೆ ಬಾಗಿದ ತೋಳುಗಳು, ಅವುಗಳಲ್ಲೊಂದರ ತುದಿಯಲ್ಲಿ ಚಿಕ್ಕದೊಂದು ಸಂಗಾತಿ ಕಾಯ ಆ ಚಿತ್ರದಲ್ಲಿವೆ. ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಆರಂಭವಾಯಿತು. ಆಕಾಶವೀಕ್ಷಣೆ ಕೆಲಕಾಲ ನಿಂತುಹೋಯಿತು. ಚಿತ್ರದಲ್ಲಿದ್ದ ಆ ಸಂಗಾತಿಯ ಅರ್ಥ ತಿಳಿಯಲು ಮುಂದೆ 127 ವರ್ಷಗಳು ಬೇಕಾದವು.

ಸುರುಳಿಗಳು ಏನು ಎಂಬ ವಿಷಯದಲ್ಲಿ 80 ವರ್ಷಗಳ ಕಾಲ ಒಮ್ಮತವಿರಲಿಲ್ಲ. ಅವು ನಮ್ಮ ಗೆಲಾಕ್ಸಿಯೊಳಗೇ ಹುಟ್ಟುತ್ತಿರುವ ಸೌರಮಂಡಲಗಳೆಂಬ ಅಭಿಪ್ರಾಯ ಪ್ರಬಲವಾಗಿತ್ತು. 1888ರಲ್ಲಿ ಐಸಾಕ್ ರಾಬರ್ಟ್ಸ್ ಅವರು ತೆಗೆದ ಆಂಡ್ರೊಮಿಡಾದ ಛಾಯಾಚಿತ್ರವನ್ನೂ ಹಲವರು ಹಾಗೆಯೇ ಓದಿಕೊಂಡರು. ಹೆನ್ರಿಯೆಟ್ಟಾ ಲೆವಿಟ್ ಅವರು 1912ರಲ್ಲಿ ಖಚಿತಪಡಿಸಿದ ಸೆಫೀಡ್ ನಕ್ಷತ್ರಗಳ ನಿಯಮವನ್ನು ಬಳಸಿಕೊಂಡು ಎಡ್ವಿನ್ ಹಬಲ್ ಅವರು ಆಂಡ್ರೊಮಿಡಾದ ದೂರವನ್ನು ಅಳೆದರು. 1925ರ ಜನವರಿಯಲ್ಲಿ ಆ ಫಲಿತಾಂಶ ವಿದ್ವತ್ ಸಭೆಯಲ್ಲಿ ಪ್ರಕಟವಾದ ಮೇಲೆ, ಅದು ನಮ್ಮ ಗೆಲಾಕ್ಸಿಯ ಹೊರಗಿನ ಮತ್ತೊಂದು ಗೆಲಾಕ್ಸಿ ಎಂಬುದು ನಿರ್ವಿವಾದವಾಯಿತು.

ಮರುವರ್ಷ, 1926ರಲ್ಲಿ, ಹಬಲ್ ಅವರು ಗೆಲಾಕ್ಸಿಗಳ ವರ್ಗೀಕರಣವನ್ನು ಪ್ರಕಟಿಸಿದರು. ದುಂಡಗಿನಿಂದ ಚಪ್ಪಟೆಯವರೆಗೆ ದೀರ್ಘವೃತ್ತೀಯಗಳಿಗೆ ಎಂಟು ಹಂತಗಳು. ಬಳಿಕ ಬಿಗಿಯಾದ ತೋಳುಗಳಿಂದ ಸಡಿಲವಾದ ತೋಳುಗಳವರೆಗೆ ಸುರುಳಿಗಳಿಗೆ ಮೂರು ಹಂತಗಳು. ನಡುವೆ ದಂಡವಿರುವ ಸುರುಳಿಗಳಿಗೆ ಸಮಾನಾಂತರವಾದ ಮತ್ತೊಂದು ಸಾಲು. 1936ರ ಗ್ರಂಥದಲ್ಲಿ ಅವರು ಇದನ್ನು ಶ್ರುತಿಕವೆಯ ಆಕಾರದ ಚಿತ್ರವಾಗಿ ತೋರಿಸಿದರು. ಕವೆ ಒಡೆಯುವ ಜಾಗದಲ್ಲಿ, ತಟ್ಟೆಯಿದ್ದರೂ ತೋಳುಗಳಿಲ್ಲದ 'ಎಸ್-ಸೊನ್ನೆ' ಎಂಬ ವರ್ಗವಿದೆ. ಇಂದಿಗೂ ಖಗೋಳಜ್ಞರು ಈ ಪರಿಭಾಷೆಯನ್ನೇ ಬಳಸುತ್ತಾರೆ.

ಜಾನಪದ ಅಧ್ಯಯನದಲ್ಲಿ ಇದೇ ಕಾಲ ವರ್ಗೀಕರಣದ ಕಾಲವಾಗಿತ್ತೆಂಬುದು ಗಮನಾರ್ಹ. ಆಂಟಿ ಆರ್ನೆ ಅವರ ಕಥಾವರ್ಗಸೂಚಿ 1910ರಲ್ಲಿ ಬಂದಿತ್ತು. ಸ್ಟಿತ್ ಥಾಂಪ್ಸನ್ ಅವರು ಅದನ್ನು 1928ರಲ್ಲಿ ವಿಸ್ತರಿಸಿದರು. ಅದೇ 1928ರಲ್ಲಿ ವ್ಲಾದಿಮಿರ್ ಪ್ರಾಪ್ ಅವರು ಸಸ್ಯಶಾಸ್ತ್ರದ 'ರೂಪವಿಜ್ಞಾನ' ಎಂಬ ಪದವನ್ನು ಎರವಲು ಪಡೆದು, ರಷ್ಯದ ಅದ್ಭುತಕಥೆಗಳ ರಚನೆಯನ್ನು 31 ಕ್ರಿಯಾಘಟಕಗಳಾಗಿ ವಿಶ್ಲೇಷಿಸಿದರು. ಗೆಲಾಕ್ಸಿಗಳ ಆಕಾರಾಧ್ಯಯನಕ್ಕೂ ಖಗೋಳಜ್ಞರು ರೂಪವಿಜ್ಞಾನ ಎಂಬ ಹೆಸರನ್ನೇ ಬಳಸುತ್ತಾರೆ. ಈ ಎರಡು ಶಿಸ್ತುಗಳ ನಡುವೆ ಪರಸ್ಪರ ಪ್ರಭಾವವೇನೂ ಇರಲಿಲ್ಲ. ಅಪಾರವಾದ ಸಾಮಗ್ರಿ ಒಮ್ಮೆಲೇ ಕೈಗೆ ಬಂದಾಗ ಮೊದಲು ಅದನ್ನು ಸಾಲಾಗಿ ಜೋಡಿಸಬೇಕಾಗುತ್ತದೆ ಎಂಬ ಸಮಾನ ಅಗತ್ಯ ಇವೆರಡಕ್ಕೂ ಇತ್ತು.

3. ಸಾಲು ಏಣಿಯಾದ ಬಗೆ

ಜೋಡಿಸಿದ ಸಾಲನ್ನು ಕಾಲದ ಏಣಿಯೆಂದು ಓದುವುದು ಸುಲಭ. ಬ್ರಿಟನ್ನಿನ ಜೇಮ್ಸ್ ಜೀನ್ಸ್ ಅವರು 1919ರಲ್ಲಿ ಒಂದು ಸಿದ್ಧಾಂತವನ್ನು ಮಂಡಿಸಿದ್ದರು. ಅದರಂತೆ ಸುತ್ತುತ್ತಿರುವ ಅನಿಲಗೋಳವು ಕುಗ್ಗುತ್ತ ಹೋದಂತೆ ಚಪ್ಪಟೆಯಾಗಿ, ಮಸೂರದ ಆಕಾರ ತಾಳಿ, ಕೊನೆಗೆ ಅಂಚಿನಿಂದ ದ್ರವ್ಯವನ್ನು ಚೆಲ್ಲಿ ತೋಳುಗಳನ್ನು ಬೆಳೆಸಿಕೊಳ್ಳುತ್ತದೆ. ತಮ್ಮ ವರ್ಗೀಕರಣವು ಕೇವಲ ವೀಕ್ಷಣೆಯನ್ನು ಆಧರಿಸಿದೆಯೆಂದು ಹಬಲ್ ಅವರು ಹೇಳಿದರೂ, ಅದು ಜೀನ್ಸ್ ಅವರ ಸಿದ್ಧಾಂತದೊಂದಿಗೆ ಹೊಂದುತ್ತದೆಂಬುದನ್ನು ಗುರುತಿಸದೆ ಬಿಡಲಿಲ್ಲ. ಸಾಲಿನ ಒಂದು ತುದಿಯ ಗೆಲಾಕ್ಸಿಗಳಿಗೆ 'ಮೊದಲಿನವು', ಇನ್ನೊಂದು ತುದಿಯವುಗಳಿಗೆ 'ತಡವಾದವು' ಎಂಬ ಅರ್ಥದ ಪದಗಳನ್ನೇ ಬಳಸಿದರು. ಪದಗಳು ಒಮ್ಮೆ ನೆಲೆಗೊಂಡ ಮೇಲೆ ಅವುಗಳ ಅರ್ಥವೂ ಹಿಂದೆಯೇ ಬಂದು ಸೇರಿತು. ದೀರ್ಘವೃತ್ತೀಯ ಗೆಲಾಕ್ಸಿ ಎಂದರೆ ಎಳೆಯದು, ಸುರುಳಿ ಎಂದರೆ ಬೆಳೆದದ್ದು ಎಂಬ ಭಾವನೆ ಹರಡಿತು.

ಇಂಥ ಏಣಿಯ ಪರಿಣಾಮವೇನೆಂಬುದು ಜಾನಪದ ಅಧ್ಯಯನಕ್ಕೆ ಚೆನ್ನಾಗಿ ಗೊತ್ತು. ಎಡ್ವರ್ಡ್ ಟೈಲರ್ ಅವರು 1871ರ ತಮ್ಮ ಗ್ರಂಥದಲ್ಲಿ, ಜನಸಾಮಾನ್ಯರ ಎಷ್ಟೋ ನಂಬಿಕೆ ಆಚರಣೆಗಳು ಮಾನವಕುಲದ ಹಿಂದಿನ ಹಂತದ 'ಉಳಿಕೆ'ಗಳೆಂದು ವಿವರಿಸಿದರು. ಒಂದೇ ಕಾಲದಲ್ಲಿ ಬದುಕುತ್ತಿರುವ ಸಮುದಾಯಗಳನ್ನು ಸಾಲಾಗಿ ನಿಲ್ಲಿಸಿ, ಒಂದು ತುದಿಯವರನ್ನು ಇನ್ನೊಂದು ತುದಿಯವರ ಬಾಲ್ಯವೆಂದು ಕರೆದ ಚಿಂತನಕ್ರಮವಿದು. ಬುಡಕಟ್ಟಿನ ಹಾಡುಗಾರ್ತಿ ಹಾಡಿದ್ದನ್ನು ಪಳೆಯುಳಿಕೆಯಂತೆ ಸಂಗ್ರಹಿಸಿದವರು, ಆಕೆಯ ಸಮುದಾಯವೂ ಉಳಿದವರಷ್ಟೇ ದೀರ್ಘವಾದ ಚರಿತ್ರೆಯನ್ನು ಬದುಕಿ ಬಂದಿದೆ ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಭಿನ್ನತೆಯನ್ನು ವಯಸ್ಸಿನ ಅಂತರವೆಂದು ಓದಿದುದರಿಂದ ಆದ ನಷ್ಟವಿದು.

ಗೆಲಾಕ್ಸಿಗಳ ಏಣಿಯನ್ನು ಮುರಿದದ್ದು ನಕ್ಷತ್ರಗಳ ವಯಸ್ಸು. ಎರಡನೆಯ ಮಹಾಯುದ್ಧದ ಸಮಯದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಮಂಕಾಗಿಸಲಾಗಿತ್ತು. ಜರ್ಮನ್ ಪ್ರಜೆಯಾಗಿದ್ದ ಕಾರಣ ಯುದ್ಧಸಂಬಂಧಿ ಕೆಲಸಕ್ಕೆ ಸೇರದೆ ಉಳಿದಿದ್ದ ವಾಲ್ಟರ್ ಬಾಡೆ ಅವರು, ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕವನ್ನು ಆ ಕತ್ತಲಿನಲ್ಲಿ ಬಳಸಿಕೊಂಡರು. ಆಂಡ್ರೊಮಿಡಾದ ನಡುಭಾಗವನ್ನೂ ಅದರ ದೀರ್ಘವೃತ್ತೀಯ ಸಂಗಾತಿಗಳನ್ನೂ ಬಿಡಿಬಿಡಿ ನಕ್ಷತ್ರಗಳಾಗಿ ಗುರುತಿಸಿ, 1944ರಲ್ಲಿ ಎರಡು ನಕ್ಷತ್ರ ಸಮುದಾಯಗಳನ್ನು ನಿರೂಪಿಸಿದರು. ಸುರುಳಿಯ ತೋಳುಗಳಲ್ಲಿ ನೀಲಿಬಣ್ಣದ, ಎಳೆಯ ನಕ್ಷತ್ರಗಳಿವೆ. ದೀರ್ಘವೃತ್ತೀಯಗಳಲ್ಲಿ ಇರುವವು ಹೆಚ್ಚಾಗಿ ಕೆಂಪುಬಣ್ಣದ, ಮುದಿ ನಕ್ಷತ್ರಗಳು. 'ಎಳೆಯದು' ಎನಿಸಿಕೊಂಡಿದ್ದ ವರ್ಗದಲ್ಲಿ ಮುದಿ ನಕ್ಷತ್ರಗಳೇ ತುಂಬಿದ್ದವು. ಸುರುಳಿಗಳಲ್ಲಿಯೂ ಹಳೆಯ ನಕ್ಷತ್ರಗಳಿರುವುದು ಖಚಿತವಾದ ಮೇಲೆ, ಒಂದು ವರ್ಗ ಇನ್ನೊಂದರ ಬಾಲ್ಯವೆಂಬ ಮಾತಿಗೆ ಆಧಾರವಿಲ್ಲವಾಯಿತು. ಅನಿಲವೂ ಒಟ್ಟು ಸುತ್ತುವಿಕೆಯೂ ಕಡಿಮೆಯಿರುವ ದೀರ್ಘವೃತ್ತೀಯವು ತನ್ನಷ್ಟಕ್ಕೆ ತಾನೇ ಸುತ್ತುವ ತಟ್ಟೆಯಾಗಲಾರದು. ಆದರೂ ಹಳೆಯ ಎರಡು ಪದಗಳು ಮಾತ್ರ ಇಂದಿಗೂ ಖಗೋಳಜ್ಞರ ಬಳಕೆಯಲ್ಲಿ ಉಳಿದುಕೊಂಡಿವೆ.

4. ಸುತ್ತುವಿಕೆ ಮತ್ತು ತೋಳುಗಳು

ಹಾಗಾದರೆ ಆಕಾರವನ್ನು ನಿರ್ಧರಿಸುವುದು ಯಾವುದು? ಮೊದಲನೆಯ ಉತ್ತರ ಕಾಂಟ್ ಅವರ ಸೂಚನೆಯಲ್ಲಿಯೇ ಇತ್ತು. ವಿಶ್ವದ ಆರಂಭಕಾಲದಲ್ಲಿ ದ್ರವ್ಯದ ರಾಶಿಗಳು ಒಂದನ್ನೊಂದು ಗುರುತ್ವದಿಂದ ಎಳೆದುದರಿಂದ ಪ್ರತಿಯೊಂದಕ್ಕೂ ಅಲ್ಪಸ್ವಲ್ಪ ತಿರುಗುವಿಕೆ ಒದಗಿತು. ಈ ವಿಚಾರವನ್ನು 1950ರ ಸುಮಾರಿಗೆ ಫ್ರೆಡ್ ಹಾಯ್ಲ್ ಅವರು ಸೂಚಿಸಿದರು, 1969ರಲ್ಲಿ ಜೇಮ್ಸ್ ಪೀಬಲ್ಸ್ ಅವರು ಲೆಕ್ಕಹಾಕಿ ತೋರಿಸಿದರು. ಕೈಚಾಚಿಕೊಂಡು ಗಿರಗಿರನೆ ಸುತ್ತುವವರು ಕೈಗಳನ್ನು ಮೈಗೆ ಸೆಳೆದುಕೊಂಡೊಡನೆ ವೇಗ ಹೆಚ್ಚುವಂತೆ, ಕುಗ್ಗುವ ಅನಿಲರಾಶಿಯ ಸುತ್ತುವೇಗವೂ ಹೆಚ್ಚುತ್ತದೆ. ಅನಿಲದ ಮೋಡಗಳು ಪರಸ್ಪರ ಬಡಿದು ಬಿಸಿಯಾಗಿ, ಆ ಶಾಖವನ್ನು ಬೆಳಕಾಗಿ ಹೊರಚೆಲ್ಲಿ ತಣಿಯುತ್ತವೆ. ಹೀಗೆ ಶಕ್ತಿಯನ್ನು ಕಳೆದುಕೊಳ್ಳಬಹುದು, ಆದರೆ ಸುತ್ತುವಿಕೆಯನ್ನು ಸುಲಭವಾಗಿ ಕಳೆದುಕೊಳ್ಳಲಾಗದು. ಮೇಲೆಕೆಳಗಿನ ಚಲನೆ ಅಡಗಿ ಸುತ್ತುವ ಚಲನೆ ಉಳಿದಾಗ ಉಂಟಾಗುವ ಆಕಾರವೇ ತಟ್ಟೆ. ಅನಿಲವು ತಟ್ಟೆಯಾಗಿ ನೆಲೆಗೊಂಡ ಬಳಿಕ ನಕ್ಷತ್ರಗಳಾದರೆ ಸುರುಳಿ ಗೆಲಾಕ್ಸಿಗೆ ಬೇಕಾದ ನೆಲಗಟ್ಟು ಸಿದ್ಧವಾಗುತ್ತದೆ. ನಕ್ಷತ್ರಗಳು ಬಹುಬೇಗ ಹುಟ್ಟಿ ಅನಿಲ ಮುಗಿದುಹೋದರೆ, ಬಿಡಿ ನಕ್ಷತ್ರಗಳು ಅನಿಲದಂತೆ ಡಿಕ್ಕಿ ಹೊಡೆದು ತಣಿಯಲಾರವಾದುದರಿಂದ, ಅಡ್ಡಾದಿಡ್ಡಿ ಚಲನೆ ಹಾಗೆಯೇ ಉಳಿಯುತ್ತದೆ.

ತೋಳುಗಳ ಸಮಸ್ಯೆ ಇದಕ್ಕಿಂತ ಜಟಿಲವಾದುದು. ನಮ್ಮ ಗೆಲಾಕ್ಸಿ ಸುತ್ತುತ್ತಿದೆಯೆಂಬುದನ್ನು 1927ರ ಹೊತ್ತಿಗೆ ಬರ್ಟಿಲ್ ಲಿಂಡ್‌ಬ್ಲಾಡ್ ಮತ್ತು ಯಾನ್ ಊರ್ಟ್ ಅವರು ಸ್ಥಾಪಿಸಿದರು. ಸೂರ್ಯನು ಒಂದು ಸುತ್ತು ಹಾಕಲು ಸುಮಾರು 23 ಕೋಟಿ ವರ್ಷಗಳು ಬೇಕು. ತನ್ನ 460 ಕೋಟಿ ವರ್ಷಗಳ ಆಯುಸ್ಸಿನಲ್ಲಿ ಅದು ಸುಮಾರು 20 ಸುತ್ತುಗಳನ್ನು ಮುಗಿಸಿದೆ. ಒಳಗಿನ ನಕ್ಷತ್ರಗಳು ಹೊರಗಿನವುಗಳಿಗಿಂತ ಬೇಗ ಸುತ್ತು ಮುಗಿಸುತ್ತವೆ. ತೋಳು ಎಂಬುದು ಒಂದೇ ಗುಂಪಿನ ನಕ್ಷತ್ರಗಳಿಂದಾದ ವಸ್ತುವಾಗಿದ್ದರೆ, ಕೆಲವೇ ಸುತ್ತುಗಳಲ್ಲಿ ದಾರದ ಉಂಡೆಯಂತೆ ಸುತ್ತಿಕೊಂಡು ಅಳಿಸಿಹೋಗಬೇಕಿತ್ತು.

1964ರಲ್ಲಿ ಸಿ.ಸಿ. ಲಿನ್ ಮತ್ತು ಫ್ರಾಂಕ್ ಶು ಅವರು ತೋಳುಗಳನ್ನು ಸಾಂದ್ರತೆಯ ಅಲೆಗಳೆಂದು ವಿವರಿಸಿದರು. ಜಾತ್ರೆಯ ಇಕ್ಕಟ್ಟಾದ ಬೀದಿಯಲ್ಲಿ ಜನ ಬರುತ್ತಾರೆ, ನಿಧಾನವಾಗುತ್ತಾರೆ, ದಾಟಿ ಹೋಗುತ್ತಾರೆ. ದಟ್ಟಣೆ ಮಾತ್ರ ಅಲ್ಲಿಯೇ ಇರುತ್ತದೆ. ಅದೇ ರೀತಿ ನಕ್ಷತ್ರಗಳೂ ಅನಿಲವೂ ತೋಳನ್ನು ಪ್ರವೇಶಿಸಿ ಹೊರಬೀಳುತ್ತವೆ. ದಟ್ಟಣೆಯಲ್ಲಿ ಒತ್ತಲ್ಪಟ್ಟ ಅನಿಲದಿಂದ ಹೊಸ ನಕ್ಷತ್ರಗಳು ಹುಟ್ಟುವುದರಿಂದ ತೋಳು ಹೊಳೆಯುತ್ತದೆ. ಅದೇ 1964ರಲ್ಲಿ ಆಲಾರ್ ಟೂಮ್ರೆ ಅವರು, ಗುರುತ್ವದ ಸೆಳೆತವನ್ನು ನಕ್ಷತ್ರಗಳ ಅಡ್ಡಾದಿಡ್ಡಿ ವೇಗ ಮತ್ತು ಸುತ್ತುವಿಕೆ ಎಷ್ಟರಮಟ್ಟಿಗೆ ತಡೆಯಬಲ್ಲವು ಎಂಬುದರ ಮೇಲೆ ತಟ್ಟೆಯ ಸ್ಥಿರತೆ ನಿಂತಿದೆಯೆಂದು ತೋರಿಸಿದರು. ಈ ಚರ್ಚೆಗೆ ಕರ್ನಾಟಕದ ನೇರ ಸಂಬಂಧವೂ ಉಂಟು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ ಚಂದಾ ಜೋಗ್ ಅವರು, 1984ರಲ್ಲಿ ಫಿಲಿಪ್ ಸಾಲೊಮನ್ ಅವರೊಡನೆ ಸೇರಿ, ನಕ್ಷತ್ರ ಮತ್ತು ಅನಿಲಗಳನ್ನು ಪರಸ್ಪರ ಸೆಳೆಯುವ ಎರಡು ದ್ರವಗಳಂತೆ ಒಟ್ಟಿಗೆ ಪರಿಗಣಿಸಿದರು. ಪ್ರತ್ಯೇಕವಾಗಿ ನೋಡಿದಾಗ ಸ್ಥಿರವೆನಿಸುವ ಎರಡೂ ಕೂಡಿದಾಗ ಅಸ್ಥಿರವಾಗಬಲ್ಲವು ಎಂಬುದು ಇದರಿಂದ ತಿಳಿದುಬಂದಿತು. ಎಲ್ಲ ಸುರುಳಿಗಳಿಗೂ ಒಂದೇ ವಿವರಣೆ ಸಾಲದು; ಕೆಲವು ತೋಳುಗಳು ಮೂಡಿ, ಮುರಿದು, ಮತ್ತೆ ಮೂಡುತ್ತವೆ ಎಂಬ ಅಭಿಪ್ರಾಯ ಇಂದು ಬಲವಾಗಿದೆ.

5. ಸೇತುವೆಗಳು ಮತ್ತು ಬಾಲಗಳು

ಹುಟ್ಟಿನ ಸುತ್ತುವಿಕೆಯ ಜೊತೆಗೆ, ಬದುಕಿನ ನಡುವೆ ಎದುರಾಗುವ ನೆರೆಯವರೂ ಗೆಲಾಕ್ಸಿಯ ಆಕಾರವನ್ನು ಬದಲಿಸುತ್ತಾರೆ. ಇದನ್ನು ಮೊದಲು ಪ್ರಯೋಗದಿಂದ ತೋರಿಸಿದವರು ಸ್ವೀಡನ್ನಿನ ಲುಂಡ್‌ನಲ್ಲಿದ್ದ ಎರಿಕ್ ಹೋಮ್‌ಬರ್ಗ್ ಅವರು. ಗಣಕಯಂತ್ರಗಳಿಲ್ಲದ 1941ರಲ್ಲಿ ಅವರು ಒಂದೊಂದು ಗೆಲಾಕ್ಸಿಗೆ 37ರಂತೆ ಒಟ್ಟು 74 ವಿದ್ಯುದ್ದೀಪಗಳನ್ನು ಮೇಜಿನ ಮೇಲೆ ಜೋಡಿಸಿದರು. ಬೆಳಕಿನ ತೀವ್ರತೆಯೂ ಗುರುತ್ವದ ಬಲವೂ ದೂರದ ವರ್ಗಕ್ಕೆ ವಿಲೋಮವಾಗಿ ಕಡಿಮೆಯಾಗುವುದರಿಂದ, ದ್ಯುತಿಕೋಶದಿಂದ ಪ್ರತಿ ದೀಪದ ಬಳಿ ಬೆಳಕನ್ನು ಅಳೆದರೆ ಅಲ್ಲಿನ ಸೆಳೆತ ತಿಳಿಯುತ್ತಿತ್ತು. ಅದಕ್ಕೆ ಅನುಗುಣವಾಗಿ ದೀಪಗಳನ್ನು ಹೆಜ್ಜೆಹೆಜ್ಜೆಗೆ ಸರಿಸುತ್ತ ಹೋದಂತೆ, ಹತ್ತಿರ ಹಾಯ್ದ ಗೆಲಾಕ್ಸಿಗಳಿಂದ ತೋಳಿನಂಥ ಭಾಗಗಳು ಹೊರಚಾಚಿದವು.

ಮುಂದೆ ಗಣಕಯಂತ್ರಗಳು ಬಂದ ಮೇಲೆ, 1972ರಲ್ಲಿ, ಆಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಸಹೋದರರು ವಿಚಿತ್ರ ಆಕಾರದ ಗೆಲಾಕ್ಸಿ ಜೋಡಿಗಳನ್ನು ಲೆಕ್ಕದಲ್ಲಿ ಮರುಸೃಷ್ಟಿಸಿದರು. ಅಲ್ಲಿಯವರೆಗೆ ಇಂಥವು ವರ್ಗೀಕರಣಕ್ಕೆ ಒಗ್ಗದ 'ವಿಲಕ್ಷಣ'ಗಳಾಗಿದ್ದವು. 1966ರಲ್ಲಿ ಹಾಲ್ಟನ್ ಆರ್ಪ್ ಅವರು ಇಂಥ 338 ಉದಾಹರಣೆಗಳ ಚಿತ್ರಸಂಪುಟವನ್ನೇ ಪ್ರಕಟಿಸಿದ್ದರು. ಗೆಲಾಕ್ಸಿಗಳು ಹತ್ತಿರ ಹಾಯ್ದಾಗ ಉಂಟಾಗುವ ಉಬ್ಬರವಿಳಿತದ ಸೆಳೆತದಿಂದಲೇ ಅವುಗಳ ನಡುವಣ ಸೇತುವೆಗಳೂ ಉದ್ದನೆಯ ಬಾಲಗಳೂ ಮೂಡುತ್ತವೆಂದು ಟೂಮ್ರೆ ಸಹೋದರರು ತೋರಿಸಿದರು. ಅವರು ಆಯ್ದುಕೊಂಡ ಜೋಡಿಗಳಲ್ಲೊಂದು ಲಾರ್ಡ್ ರಾಸ್ ಅವರು ಚಿತ್ರಿಸಿದ್ದ 51ನೆಯ ಕಾಯ. ಚಿತ್ರದ ಅಂಚಿನಲ್ಲಿದ್ದ ಸಂಗಾತಿ ಕಾಯ ಆಕಸ್ಮಿಕವಾಗಿ ಅಲ್ಲಿ ಕಂಡದ್ದಾಗಿರಲಿಲ್ಲ. ಆ ಭವ್ಯವಾದ ತೋಳುಗಳ ರೂಪದಲ್ಲಿ ಅದರ ಕೈವಾಡವಿತ್ತು. ವರ್ಗಸೂಚಿಯ ಹೊರಗುಳಿದ ಸಾಮಗ್ರಿಯೇ ಸೂಚಿಯೊಳಗಿನ ಮಾದರಿಯನ್ನು ವಿವರಿಸಿದ ಪ್ರಸಂಗವಿದು.

ಭಾರತದಲ್ಲಿ ಜನಿಸಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು 1943ರಲ್ಲಿ ನಿರೂಪಿಸಿದ 'ಗತಿಘರ್ಷಣೆ'ಯ ನಿಯಮವೂ ಇಲ್ಲಿ ಮುಖ್ಯವಾಗುತ್ತದೆ. ನಕ್ಷತ್ರಗಳ ನಡುವೆ ಸಾಗುವ ಭಾರವಾದ ಕಾಯದ ಹಿಂದೆ ನಕ್ಷತ್ರಗಳು ಒತ್ತಾಗಿ ಸೇರಿ ಅದನ್ನು ಹಿಂದಕ್ಕೆಳೆಯುವುದರಿಂದ ಅದರ ವೇಗ ಕುಗ್ಗುತ್ತದೆ. ಈ ಕಾರಣದಿಂದ ಹತ್ತಿರ ಬಂದ ಗೆಲಾಕ್ಸಿಗಳು ಸುತ್ತುತ್ತ ಸುತ್ತುತ್ತ ಕೊನೆಗೆ ಒಂದಾಗುತ್ತವೆ. ನಕ್ಷತ್ರಗಳ ನಡುವಣ ಅಂತರ ಅಪಾರವಾದುದರಿಂದ ಅವು ಒಂದಕ್ಕೊಂದು ಬಡಿಯುವುದಿಲ್ಲ. ಕಕ್ಷೆಗಳು ಮಾತ್ರ ಕಲಸಿಹೋಗುತ್ತವೆ. ಸಮಾನ ಗಾತ್ರದ ಎರಡು ಸುರುಳಿಗಳು ಕೂಡಿದಾಗ ತಟ್ಟೆಗಳು ನಾಶವಾಗಿ ದೀರ್ಘವೃತ್ತೀಯವೊಂದು ಉಳಿಯಬಹುದೆಂದು ಆಲಾರ್ ಟೂಮ್ರೆ ಅವರು 1977ರಲ್ಲಿ ವಾದಿಸಿದರು. ಅದೇ ದಶಕದಲ್ಲಿ ನಡೆದ ಅಳತೆಗಳಿಂದ, ಅನೇಕ ದೊಡ್ಡ ದೀರ್ಘವೃತ್ತೀಯಗಳ ಸುತ್ತುವಿಕೆ ಅವುಗಳ ಚಪ್ಪಟೆತನವನ್ನು ವಿವರಿಸಲು ಸಾಲದೆಂಬುದು ತಿಳಿದಿತ್ತು. ಅವುಗಳ ಆಕಾರಕ್ಕೆ ನಕ್ಷತ್ರಗಳ ಅಡ್ಡಾದಿಡ್ಡಿ ಚಲನೆ ಬೇರೆಬೇರೆ ದಿಕ್ಕುಗಳಲ್ಲಿ ಅಸಮಾನವಾಗಿರುವುದೇ ಕಾರಣ. ಜೀನ್ಸ್ ಅವರ ಏಣಿಯ ಮೊದಲ ಮೆಟ್ಟಿಲೇ ಹೀಗೆ ಕುಸಿಯಿತು. ಹಬಲ್ ಸಾಲಿನಲ್ಲಿ ಮೊದಲಿಗಿದ್ದ ವರ್ಗ ಈಗ ಎಷ್ಟೋ ವೇಳೆ ಕಥೆಯ ಕೊನೆಯಾಗಿ ಕಾಣತೊಡಗಿತು.

6. ಕಾಣದ ಆವರಣ ಮತ್ತು ನೆರೆಹೊರೆ

ಮೂರನೆಯ ಅಂಶ ಕಪ್ಪುದ್ರವ್ಯ. ಗೆಲಾಕ್ಸಿಗಳ ಗುಚ್ಛವೊಂದರಲ್ಲಿ ಕಾಣುವ ದ್ರವ್ಯಕ್ಕಿಂತ ಹೆಚ್ಚಿನ ದ್ರವ್ಯವಿರಬೇಕೆಂದು ಫ್ರಿಟ್ಸ್ ಜ್ವಿಕಿ ಅವರು 1933ರಲ್ಲಿಯೇ ಹೇಳಿದ್ದರು. ಸುರುಳಿಗಳ ಹೊರಭಾಗದ ವೇಗ ನಿರೀಕ್ಷೆಯಂತೆ ಕಡಿಮೆಯಾಗುವುದಿಲ್ಲವೆಂಬುದನ್ನು 1970 ಮತ್ತು 1980ರಲ್ಲಿ ಪ್ರಕಟವಾದ ವೆರಾ ರೂಬಿನ್ ಮತ್ತು ಅವರ ಸಹೋದ್ಯೋಗಿಗಳ ಅಳತೆಗಳು ಸ್ಪಷ್ಟಪಡಿಸಿದವು. ಬರಿಯ ತಟ್ಟೆ ಬಹುಬೇಗ ಅಸ್ಥಿರವಾಗಿ ದಂಡದ ಆಕಾರ ತಾಳುತ್ತದೆ. ಕಾಣದ ದ್ರವ್ಯದ ದೊಡ್ಡ ಆವರಣ ಅದನ್ನು ಸ್ಥಿರಗೊಳಿಸಬಲ್ಲದು ಎಂದು 1973ರಲ್ಲಿ ಆಸ್ಟ್ರೈಕರ್ ಮತ್ತು ಪೀಬಲ್ಸ್ ಅವರು ತೋರಿಸಿದರು. ಕಪ್ಪುದ್ರವ್ಯದ ಆವರಣದೊಳಗೆ ಅನಿಲ ತಣಿದು ಇಳಿಯುವುದರಿಂದ ಗೆಲಾಕ್ಸಿ ರೂಪುಗೊಳ್ಳುತ್ತದೆಂಬ ಚಿತ್ರಣವನ್ನು 1978ರಲ್ಲಿ ವೈಟ್ ಮತ್ತು ರೀಸ್ ಅವರು ಒದಗಿಸಿದರು. ಹೊಸ ನಕ್ಷತ್ರಗಳ ಸ್ಫೋಟಗಳೂ ನಡುವಣ ಬೃಹತ್ ಕಪ್ಪುಕುಳಿಯ ಸುತ್ತಣ ಶಕ್ತಿಯೂ ಈ ಅನಿಲವನ್ನು ಬಿಸಿಮಾಡಿ ಹೊರತಳ್ಳಿ, ಬೆಳವಣಿಗೆಗೆ ಕಡಿವಾಣ ಹಾಕುತ್ತವೆ ಎಂಬುದನ್ನು ಮುಂದಿನ ಸಂಶೋಧನೆಗಳು ಸೇರಿಸಿದವು.

ನಾಲ್ಕನೆಯ ಅಂಶ ನೆಲೆ. 55 ಗುಚ್ಛಗಳನ್ನು ಪರಿಶೀಲಿಸಿದ ಆಲನ್ ಡ್ರೆಸ್ಲರ್ ಅವರು 1980ರಲ್ಲಿ ಸ್ಪಷ್ಟವಾದ ಸಂಬಂಧವೊಂದನ್ನು ಮಂಡಿಸಿದರು. ಗೆಲಾಕ್ಸಿಗಳು ಒತ್ತಾಗಿರುವ ಕಡೆ ದೀರ್ಘವೃತ್ತೀಯಗಳೂ ತೋಳಿಲ್ಲದ ತಟ್ಟೆಗಳೂ ಹೆಚ್ಚು. ವಿರಳವಾಗಿರುವ ಕಡೆ ಸುರುಳಿಗಳು ಹೆಚ್ಚು. ಗುಚ್ಛದೊಳಗೆ ಧಾವಿಸುವ ಸುರುಳಿಗೆ ಅಲ್ಲಿನ ಬಿಸಿ ಅನಿಲ ಎದುರುಗಾಳಿಯಂತೆ ಬಡಿದು, ಅದರ ಸ್ವಂತ ಅನಿಲವನ್ನು ಕಿತ್ತೊಯ್ಯಬಲ್ಲದೆಂದು ಗನ್ ಮತ್ತು ಗಾಟ್ ಅವರು 1972ರಲ್ಲಿ ಹೇಳಿದ್ದರು. ಹೀಗೆ ಅನಿಲ ಕಳೆದುಕೊಳ್ಳುತ್ತಿರುವ, ಜೆಲ್ಲಿಮೀನಿನಂತೆ ಎಳೆಗಳು ಇಳಿಬಿದ್ದಿರುವ ಗೆಲಾಕ್ಸಿಗಳನ್ನು 2015ರಲ್ಲಿ ಉಡಾವಣೆಯಾದ ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವೂ ಚಿತ್ರಿಸಿತು. ಆ ಉಪಕರಣವನ್ನು ಜೋಡಿಸಿದ್ದು ಹೊಸಕೋಟೆಯಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ಪ್ರಯೋಗಾಲಯದಲ್ಲಿ.

ಒಂದೇ ಕಥಾವರ್ಗ ಬೇರೆಬೇರೆ ನೆಲಗಳಲ್ಲಿ ಬೇರೆಬೇರೆ ರೂಪ ತಳೆಯುವುದನ್ನು ವಿವರಿಸಲು ಸಿ.ಡಬ್ಲ್ಯು. ಫಾನ್ ಸಿಡೊ ಅವರು 1930ರ ದಶಕದಲ್ಲಿ ಸಸ್ಯಶಾಸ್ತ್ರದಿಂದ 'ಪರಿಸರರೂಪ' ಎಂಬ ಪರಿಕಲ್ಪನೆಯನ್ನು ತಂದರು. ಹೋಮ್‌ಬರ್ಗ್ ಅವರು ದೀಪಗಳನ್ನು ಜೋಡಿಸಿದ ಲುಂಡ್‌ನಲ್ಲಿಯೇ ಅವರೂ ಜಾನಪದವನ್ನು ಬೋಧಿಸುತ್ತಿದ್ದರು. ಕಥೆಗೆ ತನ್ನಿಚ್ಛೆಯಿಲ್ಲ, ಹೇಳುವವರ ಇಚ್ಛೆಯಿದೆ. ಗೆಲಾಕ್ಸಿಗೆ ಎರಡೂ ಇಲ್ಲ. ಆದುದರಿಂದ ಈ ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ. ನೆಲೆಯನ್ನು ಬಿಟ್ಟು ರೂಪವನ್ನು ಓದಲಾಗದು ಎಂಬಷ್ಟು ಮಾತ್ರ ಎರಡಕ್ಕೂ ಸಲ್ಲುತ್ತದೆ.

7. ನೋಡುವ ಕಣ್ಣು

ರೂಪವನ್ನು ನೋಡುವವರ ಕಣ್ಣಿನ ಪ್ರಶ್ನೆಯೂ ಇಲ್ಲಿದೆ. 2007ರಲ್ಲಿ ಆರಂಭವಾದ 'ಗೆಲಾಕ್ಸಿ ಜೂ' ಯೋಜನೆಯು ಸುಮಾರು 10 ಲಕ್ಷ ಗೆಲಾಕ್ಸಿಗಳ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು, ಅವುಗಳ ಆಕಾರ ಹೇಳುವಂತೆ ಕೇಳಿಕೊಂಡಿತು. ಮೊದಲ ವರ್ಷದಲ್ಲಿಯೇ 1 ಲಕ್ಷಕ್ಕೂ ಹೆಚ್ಚು ಜನ 5 ಕೋಟಿಗೂ ಹೆಚ್ಚು ವರ್ಗೀಕರಣಗಳನ್ನು ನೀಡಿದರು. ಪ್ರದಕ್ಷಿಣವಾಗಿ ಸುತ್ತುವ ಸುರುಳಿಗಳಿಗಿಂತ ಅಪ್ರದಕ್ಷಿಣದವು ಹೆಚ್ಚೆಂದು ಆರಂಭದ ಎಣಿಕೆಯಲ್ಲಿ ಕಂಡುಬಂದಿತು. ವಿಶ್ವಕ್ಕೇ ಒಂದು ದಿಕ್ಕಿನ ಒಲವಿದೆಯೇ ಎಂಬ ಅನುಮಾನ ಎದ್ದಾಗ, ಸಂಶೋಧಕರು ಕೆಲವು ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮತ್ತೆ ತೋರಿಸಿದರು. ಆಗಲೂ ಅದೇ ಒಲವು ಕಾಣಿಸಿತು. ಒಲವಿದ್ದುದು ಮನುಷ್ಯರ ನೋಟದಲ್ಲಿ. ಇದೇ ಯೋಜನೆಯ ಮುಂದಿನ ಹಂತದ ಸಾಮಗ್ರಿಯಿಂದ, ಸುರುಳಿಯ ನಡುವಿನ ಉಬ್ಬಿನ ಗಾತ್ರಕ್ಕೂ ತೋಳುಗಳ ಬಿಗಿತಕ್ಕೂ ಹಬಲ್ ಅವರು ಭಾವಿಸಿದಷ್ಟು ಗಟ್ಟಿಯಾದ ಸಂಬಂಧವಿಲ್ಲವೆಂಬುದು 2019ರಲ್ಲಿ ತಿಳಿಯಿತು. ವಿದ್ವಾಂಸರ ಸೂಚಿಯನ್ನು ಜನರ ಕಣ್ಣು ತಿದ್ದಿತು. ಜನರ ಕಣ್ಣನ್ನು ವಿದ್ವಾಂಸರ ಕನ್ನಡಿ ತಿದ್ದಿತು.

8. ಉಪಸಂಹಾರ

ಒಟ್ಟಿನಲ್ಲಿ ಗೆಲಾಕ್ಸಿಯ ಆಕಾರವನ್ನು ನಿರ್ಧರಿಸುವ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು: ಹುಟ್ಟಿನಲ್ಲಿ ದೊರೆತ ಸುತ್ತುವಿಕೆ, ಸುತ್ತಣ ಕಪ್ಪುದ್ರವ್ಯದ ಆವರಣ, ಅನಿಲದ ಪ್ರಮಾಣ ಮತ್ತು ಅದು ನಕ್ಷತ್ರಗಳಾದ ವೇಗ, ಎದುರಾದ ಡಿಕ್ಕಿ ಮತ್ತು ವಿಲೀನಗಳು, ನೆಲೆಸಿದ ನೆರೆಹೊರೆ. ಇವುಗಳಲ್ಲಿ ಪ್ರತಿಯೊಂದೂ ಒಂದು ಘಟನೆ ಅಥವಾ ಘಟನೆಗಳ ಸರಣಿ. ಆಕಾರವೆಂದರೆ ಗೆಲಾಕ್ಸಿಯು ಕಳೆದ ಬದುಕಿನ ದಾಖಲೆ.

ಈ ದಾಖಲೆಯನ್ನು ಓದುವ ಕೆಲಸ ಮುಂದುವರಿದಿದೆ. ಗಯಾ ಉಪಗ್ರಹ ಒದಗಿಸಿದ ಮಾಹಿತಿಯಿಂದ, ಸುಮಾರು 1,000 ಕೋಟಿ ವರ್ಷಗಳ ಹಿಂದೆ ಮತ್ತೊಂದು ಗೆಲಾಕ್ಸಿಯನ್ನು ನಮ್ಮ ಗೆಲಾಕ್ಸಿ ತನ್ನೊಳಗೆ ಸೇರಿಸಿಕೊಂಡಿತೆಂಬುದು 2018ರಲ್ಲಿ ತಿಳಿಯಿತು. ಆ ಅತಿಥಿಯ ನಕ್ಷತ್ರಗಳು ಇಂದಿಗೂ ತಮ್ಮ ಬೇರೆಯದೇ ಕಕ್ಷೆಗಳಲ್ಲಿ ಸಾಗುತ್ತಿವೆ. ಆಂಡ್ರೊಮಿಡಾದೊಡನೆ ಡಿಕ್ಕಿ ಖಂಡಿತವೆಂದು ಬಹುಕಾಲ ಭಾವಿಸಲಾಗಿತ್ತು. ಮುಂದಿನ 1,000 ಕೋಟಿ ವರ್ಷಗಳಲ್ಲಿ ಅದರ ಸಾಧ್ಯತೆ ಅರ್ಧದಷ್ಟು ಮಾತ್ರ ಎಂದು 2025ರ ಅಧ್ಯಯನವೊಂದು ತಿಳಿಸಿತು.

ಪ್ರಾಪ್ ಅವರು ಕಥೆಗಳ ರೂಪವನ್ನು ವಿಶ್ಲೇಷಿಸಿ ಅಷ್ಟಕ್ಕೇ ನಿಲ್ಲಲಿಲ್ಲ. 1946ರಲ್ಲಿ ಅದೇ ಕಥೆಗಳ ಚಾರಿತ್ರಿಕ ಬೇರುಗಳನ್ನು ಕುರಿತು ಮತ್ತೊಂದು ಗ್ರಂಥವನ್ನು ಬರೆದರು. ಖಗೋಳ ವಿಜ್ಞಾನವೂ ಅದೇ ದಾರಿಯಲ್ಲಿ ಸಾಗಿ ಬಂದಿದೆ. ಆದರೆ ಚರಿತ್ರೆಯೂ ಮತ್ತೆ ಏಣಿಯಾಗಬಲ್ಲದು ಎಂಬ ಎಚ್ಚರ ಅಗತ್ಯ. ಆರಂಭದ ವಿಶ್ವದಲ್ಲಿ ಗೆಲಾಕ್ಸಿಗಳು ಮುದ್ದೆಮುದ್ದೆಯಾಗಿ, ಅಸ್ತವ್ಯಸ್ತವಾಗಿಯೇ ಇದ್ದಿರಬೇಕು, ಸುಂದರ ಸುರುಳಿಗಳು ಬಹಳ ತಡವಾಗಿ ಬಂದಿರಬೇಕು ಎಂಬುದು ಇತ್ತೀಚಿನವರೆಗಿನ ತಿಳಿವಳಿಕೆಯಾಗಿತ್ತು. 2021ರ ಕೊನೆಯಲ್ಲಿ ಉಡಾವಣೆಯಾದ ಜೇಮ್ಸ್ ವೆಬ್ ದೂರದರ್ಶಕ ಈ ತಿಳಿವಳಿಕೆಯನ್ನು ಪ್ರಶ್ನಿಸಿದೆ. ಅದರ ಚಿತ್ರಗಳಲ್ಲಿ, 1,380 ಕೋಟಿ ವರ್ಷಗಳ ವಿಶ್ವವು ಇನ್ನೂ ಸುಮಾರು 150 ಕೋಟಿ ವರ್ಷದ್ದಾಗಿದ್ದಾಗಲೇ ಎರಡು ತೋಳುಗಳನ್ನು ಬೆಳೆಸಿಕೊಂಡಿದ್ದ ಸುರುಳಿಯೊಂದನ್ನು ಪುಣೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರದ ಸಂಶೋಧಕರು ಗುರುತಿಸಿ, 2025ರಲ್ಲಿ ಪ್ರಕಟಿಸಿದರು. ಅದಕ್ಕೆ ಅವರು ಇಟ್ಟ ಹೆಸರು 'ಅಲಕನಂದಾ'. ಹಿಂದಿಯಲ್ಲಿ ನಮ್ಮ ಗೆಲಾಕ್ಸಿಗೆ ಮಂದಾಕಿನಿ ಎಂಬ ಹೆಸರುಂಟು. ಹಿಮಾಲಯದ ರುದ್ರಪ್ರಯಾಗದಲ್ಲಿ ಮಂದಾಕಿನಿ ನದಿ ಬಂದು ಸೇರುವುದು ಅಲಕನಂದಾ ನದಿಯನ್ನು. ಆಕಾಶದ ಬೆಳಕನ್ನು ನದಿಯೆಂದು ಕರೆದ ಹಳೆಯ ಪರಂಪರೆ ಹೀಗೆ ಇಪ್ಪತ್ತೊಂದನೆಯ ಶತಮಾನದ ವಿಜ್ಞಾನದಲ್ಲಿಯೂ ಮುಂದುವರಿಯಿತು. ಇಷ್ಟು ಬೇಗ ಅಷ್ಟು ನೆಲೆಗೊಂಡ ತಟ್ಟೆ ಹೇಗೆ ರೂಪುಗೊಂಡಿತೆಂಬುದನ್ನು ಮುಂದಿನ ಅಧ್ಯಯನಗಳು ವಿವರಿಸಬೇಕಾಗಿದೆ.